ಕೊಡಗಿನ ಜನವಸತಿ ನಕ್ಷೆ: ಊರಿನ ಜನಸಂಖ್ಯೆಯನ್ನು ಮನೆಗಳ ಮೇಲೆ ಹಂಚುವುದು ಹೇಗೆ?

ಪಂಚಾಯಿತಿ ಸದಸ್ಯರು, ಆರೋಗ್ಯ ಕಾರ್ಯಕರ್ತರು, ಭೂಗೋಳ ಓದುವ ವಿದ್ಯಾರ್ಥಿಗಳು, ಮಳೆಗಾಲದಲ್ಲಿ ಪರಿಹಾರ ಕೆಲಸಕ್ಕೆ ನಿಲ್ಲುವವರು ಬೇರೆ ಬೇರೆ ಮಾತಿನಲ್ಲಿ ಕೇಳುವ ಪ್ರಶ್ನೆ ಒಂದೇ. ಈ ಗುಡ್ಡದ ಕೆಳಗೆ ಎಷ್ಟು ಜನ ಇದ್ದಾರೆ? ಈ ಹೊಳೆಯ ಎರಡು ದಡದಲ್ಲಿ ಎಷ್ಟು? ಈ ಆಸ್ಪತ್ರೆಗೆ ಐದು ಕಿಲೋಮೀಟರ್ ಒಳಗೆ ಎಷ್ಟು? ಜನಗಣತಿಯ ಪುಸ್ತಕದಲ್ಲಿ ಇದಕ್ಕೆ ನೇರ ಉತ್ತರ ಸಿಗುವುದಿಲ್ಲ. ಅಲ್ಲಿ ಇರುವುದು ಊರಿಗೊಂದು ಸಂಖ್ಯೆ ಮಾತ್ರ. ಆ ಸಂಖ್ಯೆ ಊರಿನೊಳಗೆ ಎಲ್ಲೆಲ್ಲಿ ಹರಡಿದೆ ಎಂಬುದನ್ನು ನಾವೇ ಲೆಕ್ಕ ಹಾಕಿ ತೆಗೆಯಬೇಕು.

ಬಯಲುಸೀಮೆಯಲ್ಲಿ ಮನೆಗಳು ಒಂದೆಡೆ ಗುಂಪಾಗಿರುತ್ತವೆ, ಸುತ್ತ ಹೊಲ ಇರುತ್ತದೆ. ಅಲ್ಲಿ ಊರಿನ ನಡುವೆ ಒಂದು ಚುಕ್ಕೆ ಇಟ್ಟರೂ ಕೆಲಸ ನಡೆದೀತು. ಕೊಡಗಿನಲ್ಲಿ ಅದು ನಡೆಯುವುದಿಲ್ಲ. ಒಬ್ಬರ ಮನೆ ಗದ್ದೆಯ ಅಂಚಿನಲ್ಲಿ, ಇನ್ನೊಬ್ಬರದು ಅರ್ಧ ಮೈಲಿ ಆಚೆ ತೋಟದ ಒಳಗೆ, ಕೆಲಸಗಾರರ ಲೈನ್ ಮನೆಗಳು ಮತ್ತೊಂದು ಇಳಿಜಾರಿನಲ್ಲಿ, ಆದಿವಾಸಿಗಳ ಹಾಡಿ ಕಾಡಿನ ಅಂಚಿನಲ್ಲಿ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 5,54,519. ವಿಸ್ತೀರ್ಣ 4,102 ಚದರ ಕಿಲೋಮೀಟರ್. ಭಾಗಿಸಿದರೆ ಚದರ ಕಿಲೋಮೀಟರಿಗೆ 135 ಜನ. ಈ 135 ಎಂಬ ಸಂಖ್ಯೆ ಮಡಿಕೇರಿ ಪೇಟೆಗೂ ನಿಜವಲ್ಲ, ನಾಗರಹೊಳೆ ಕಾಡಿಗೂ ನಿಜವಲ್ಲ. ಸರಾಸರಿ ಬಿಟ್ಟು ಮನೆಯ ಮಟ್ಟಕ್ಕೆ ಇಳಿಯುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಕೊಟ್ಟಿದೆ. ಭೂಗೋಳ ತಜ್ಞರು ಇದನ್ನು ಡ್ಯಾಸಿಮೆಟ್ರಿಕ್ ವಿಧಾನ ಎನ್ನುತ್ತಾರೆ. ಅಂದರೆ, ದೊಡ್ಡ ಪ್ರದೇಶದ ಒಟ್ಟು ಸಂಖ್ಯೆಯನ್ನು ಬೇರೊಂದು ಸೂಕ್ಷ್ಮ ಮಾಹಿತಿಯ ನೆರವಿನಿಂದ ಒಳಗಿನ ಸಣ್ಣ ಜಾಗಗಳಿಗೆ ಹಂಚುವುದು. ನಮಗೆ ಆ ಸೂಕ್ಷ್ಮ ಮಾಹಿತಿ ಎಂದರೆ ಕಟ್ಟಡಗಳ ನಕ್ಷೆ.

ಸಿದ್ಧ ನಕ್ಷೆಯೇ ಸಾಕಾಗುತ್ತದೆಯೇ?

ಜಿಲ್ಲೆಯ ಅಥವಾ ತಾಲ್ಲೂಕಿನ ಮಟ್ಟದ ಚಿತ್ರ ಸಾಕಾಗಿದ್ದರೆ ಇಷ್ಟು ಕಷ್ಟ ಬೇಡ. ಸೌತಾಂಪ್ಟನ್ ವಿಶ್ವವಿದ್ಯಾಲಯದ ವರ್ಲ್ಡ್‌ಪಾಪ್ ಸುಮಾರು 100 ಮೀಟರ್ ಚೌಕಗಳಲ್ಲಿ ಜನಸಂಖ್ಯೆಯನ್ನು ಉಚಿತವಾಗಿ ಕೊಡುತ್ತದೆ. ಯುರೋಪಿಯನ್ ಕಮಿಷನ್ನಿನ ಜಿಎಚ್‌ಎಸ್‌ಎಲ್ ಕೂಡ 100 ಮೀಟರ್ ಚೌಕದ್ದು, 1975ರಿಂದ ಐದೈದು ವರ್ಷಕ್ಕೊಂದು ನಕ್ಷೆ ಇದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ಲ್ಯಾಂಡ್‌ಸ್ಕ್ಯಾನ್ ಸುಮಾರು 1 ಕಿಲೋಮೀಟರ್ ಚೌಕದ್ದು. ಅದು ರಾತ್ರಿ ಮಲಗುವ ಜನರನ್ನಲ್ಲ, ಇಡೀ ದಿನದ ಸರಾಸರಿಯನ್ನು ತೋರಿಸುತ್ತದೆ.

ವರ್ಲ್ಡ್‌ಪಾಪ್‌ನಲ್ಲಿ ಎರಡು ಬಗೆಯಿವೆ. ಒಂದರಲ್ಲಿ ನೆಲದ ಎಲ್ಲ ಚೌಕಗಳಿಗೂ ಸ್ವಲ್ಪ ಸ್ವಲ್ಪ ಜನ ಹಂಚಿಕೆಯಾಗಿರುತ್ತಾರೆ. ಇನ್ನೊಂದರಲ್ಲಿ ಕಟ್ಟಡ ಕಂಡ ಚೌಕಗಳಿಗೆ ಮಾತ್ರ. ಮೊದಲನೆಯದನ್ನು ಕೊಡಗಿಗೆ ಬಳಸಿದರೆ ಬ್ರಹ್ಮಗಿರಿ, ಪುಷ್ಪಗಿರಿ ಕಾಡಿನ ಒಳಗೂ ಜನ ಕಾಣಿಸಿಕೊಳ್ಳುತ್ತಾರೆ. ಎರಡನೆಯದನ್ನೇ ಆರಿಸಿ. ಆದರೆ ಒಂದು ಗುಡ್ಡದ ಬುಡ, ಒಂದು ವಾರ್ಡು, ಒಂದು ತೋಟ ಎಂಬ ಮಟ್ಟಕ್ಕೆ ಬಂದಾಗ ಎರಡನ್ನೂ ನಂಬಿ ನಿರ್ಧಾರ ಮಾಡಬೇಡಿ. ಜಗತ್ತಿಗೆಲ್ಲ ಒಂದೇ ಅಳತೆಯಲ್ಲಿ ಮಾಡಿದ ನಕ್ಷೆಗೆ ಲೈನ್ ಮನೆಗೂ ಕಾಫಿ ಗೋದಾಮಿಗೂ ವ್ಯತ್ಯಾಸ ತಿಳಿಯದು.

ಏನೇನು ಬೇಕು

8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ನಕ್ಷೆ ಮಾಡಲು ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶ, 2011ರ ಜನಗಣತಿಯ ಊರುವಾರು ಜನಸಂಖ್ಯೆ ಕೊಡುವ ಪ್ರೈಮರಿ ಸೆನ್ಸಸ್ ಅಬ್‌ಸ್ಟ್ರ್ಯಾಕ್ಟ್ ಪಟ್ಟಿ, ಊರುಗಳ ಗಡಿ, ಕಟ್ಟಡಗಳ ಪದರ (ಕಟ್ಟಡಗಳನ್ನು ಮಾತ್ರ ತೋರಿಸುವ ನಕ್ಷೆಯ ಕಡತ), ಇತ್ತೀಚಿನ ಉಪಗ್ರಹ ಚಿತ್ರ. ಇದರ ಜೊತೆಗೆ ಊರು ಬಲ್ಲ ಒಬ್ಬರಾದರೂ ಬೇಕು: ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ತೋಟದ ಲೆಕ್ಕ ಬರೆಯುವ ರೈಟರ್, ಪಂಚಾಯಿತಿಯ ನೀರುಗಂಟಿ. ಅವರಿಲ್ಲದೆ ಐದನೇ ಹಂತ ಆಗುವುದಿಲ್ಲ.

1. ಗಡಿಗೂ ಜನಗಣತಿಗೂ ಗಂಟು ಹಾಕುವುದು

ಊರುಗಳ ಗಡಿ ಕರ್ನಾಟಕ ಜಿಐಎಸ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಜನಗಣತಿಯ ಪಟ್ಟಿಯಲ್ಲಿ ಪ್ರತಿ ಊರಿಗೂ ಆರಂಕಿಯ ಒಂದು ಸಂಕೇತವಿದೆ. ಎರಡನ್ನೂ ಊರಿನ ಹೆಸರಿನಿಂದ ಕೂಡಿಸಲು ಹೋಗಬೇಡಿ. ಒಂದೇ ಊರನ್ನು ಎರಡು ಕಡತಗಳಲ್ಲಿ ಎರಡು ಕಾಗುಣಿತದಲ್ಲಿ ಬರೆದಿರುತ್ತಾರೆ. ಒಂದೇ ಹೆಸರಿನ ಎರಡು ಊರುಗಳೂ ಇರುತ್ತವೆ. ಸಂಕೇತದಿಂದಲೇ ಕೂಡಿಸಿ. ಗಡಿಯ ಕಡತದಲ್ಲಿ ಜನಗಣತಿ ಸಂಕೇತ ಇಲ್ಲದಿದ್ದರೆ ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ನಡುವಿನ ಕೊಂಡಿಯಾಗುತ್ತದೆ.

2011ರಲ್ಲಿ ಕೊಡಗಿಗೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂಬ ಮೂರೇ ತಾಲ್ಲೂಕು. ಕುಶಾಲನಗರ, ಪೊನ್ನಂಪೇಟೆ ತಾಲ್ಲೂಕುಗಳು ಆಮೇಲೆ ಬಂದವು. ಹೊಸ ತಾಲ್ಲೂಕಿನ ಗಡಿಗೆ ಹಳೆಯ ತಾಲ್ಲೂಕಿನ ಮೊತ್ತವನ್ನು ಅಂಟಿಸಿದರೆ ಲೆಕ್ಕ ಪೂರ್ತಿ ಕೆಡುತ್ತದೆ. ಊರುಗಳನ್ನು ಮೊದಲು ಹಳೆಯ ಮೂರು ತಾಲ್ಲೂಕಿನಂತೆಯೇ ಗುಂಪು ಮಾಡಿ, ಕೆಲಸ ಮುಗಿದ ಮೇಲೆ ಐದಕ್ಕೆ ಹಂಚಿಕೊಳ್ಳಿ. ಪೇಟೆಗಳ ವಾರ್ಡ್ ಗಡಿಗಳೂ 2011ರ ನಂತರ ಬದಲಾಗಿವೆ. ಹಳೆಯ ವಾರ್ಡ್ ನಕ್ಷೆ ಸಿಗದಿದ್ದರೆ ಇಡೀ ಪೇಟೆಯನ್ನು ಒಂದೇ ಘಟಕವಾಗಿ ಇಟ್ಟುಕೊಳ್ಳುವುದು ಕ್ಷೇಮ.

ಕೂಡಿಸಿ ಆದ ಮೇಲೆ ಜನಸಂಖ್ಯೆಯ ಕಾಲಂ ಮೊತ್ತ ತೆಗೆಯಿರಿ. 5,54,519 ಬರಬೇಕು. ಬರಲಿಲ್ಲ ಎಂದರೆ ಯಾವುದೋ ಊರು ಕೈಬಿಟ್ಟಿದೆ ಅಥವಾ ಎರಡು ಸಲ ಸೇರಿದೆ. ಮೊತ್ತ ಸರಿಯಾಗುವ ತನಕ ಮುಂದೆ ಹೋಗಬೇಡಿ.

ಕಡತವನ್ನು ಶೇಪ್‌ಫೈಲ್ ಆಗಿ ಉಳಿಸುವ ಬದಲು ಜಿಯೋಪ್ಯಾಕೇಜ್ ಆಗಿ ಉಳಿಸಿ; ಎರಡೂ ನಕ್ಷೆಯ ಕಡತದ ಬಗೆಗಳು. ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರು ಹತ್ತು ಅಕ್ಷರಕ್ಕೆ ಕತ್ತರಿಸಿಹೋಗುತ್ತದೆ. ಅಕ್ಷರ ಸಂಕೇತವಾಗಿ ಯುಟಿಎಫ್-8 ಆರಿಸದಿದ್ದರೆ ಕನ್ನಡದ ಊರ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.

2. ಎಲ್ಲ ಪದರಗಳನ್ನೂ ಮೀಟರ್ ಲೆಕ್ಕಕ್ಕೆ ತರುವುದು

ಇಳಿಸಿಕೊಂಡ ಹೆಚ್ಚಿನ ಕಡತಗಳು ಅಕ್ಷಾಂಶ-ರೇಖಾಂಶದ ಡಿಗ್ರಿಯಲ್ಲಿರುತ್ತವೆ. ಡಿಗ್ರಿಯಲ್ಲಿ ವಿಸ್ತೀರ್ಣ ತೆಗೆದರೆ ಮನೆಯ ಅಳತೆ ಸೊನ್ನೆಯ ಪಕ್ಕದ ಏನೋ ದಶಮಾಂಶವಾಗಿ ಬರುತ್ತದೆ. ಮೀಟರಿನಲ್ಲಿ ಅಳೆಯುವ ಯುಟಿಎಂ ಎಂಬ ನಕ್ಷಾ ಪದ್ಧತಿಯಲ್ಲಿ ಕೊಡಗು 43 ಉತ್ತರ ವಲಯದಲ್ಲಿದೆ. ಇದರ ಸಂಕೇತ ಇಪಿಎಸ್‌ಜಿ 32643. ರೀಪ್ರಾಜೆಕ್ಟ್ ಲೇಯರ್ ಉಪಕರಣದಿಂದ ಗಡಿ, ಕಟ್ಟಡ ಎರಡನ್ನೂ ಇದಕ್ಕೆ ಬದಲಿಸಿ. ಪದರದ ಮೇಲೆ ಹೆಸರು ಮಾತ್ರ ಬದಲಿಸುವ ಸೆಟ್ ಸಿಆರ್‌ಎಸ್ ಆಯ್ಕೆಯನ್ನು ಇದಕ್ಕೆ ಬಳಸಬೇಡಿ. ಅದು ಅಳತೆಯನ್ನು ಬದಲಿಸುವುದಿಲ್ಲ, ಚೀಟಿಯನ್ನು ಮಾತ್ರ ಬದಲಿಸುತ್ತದೆ. ಕಟ್ಟಡಗಳು ಎಲ್ಲೋ ದೂರ ಹೋಗಿ ಬೀಳುತ್ತವೆ.

3. ಕಟ್ಟಡಗಳ ಪದರ: ಇಳಿಸುವುದು, ಸೋಸುವುದು

ಗೂಗಲ್ ಓಪನ್ ಬಿಲ್ಡಿಂಗ್ಸ್ ಮತ್ತು ಮೈಕ್ರೋಸಾಫ್ಟ್‌ನ ಕಟ್ಟಡ ನಕ್ಷೆ ಎರಡೂ ಉಚಿತ. ಉಪಗ್ರಹ ಚಿತ್ರ ನೋಡಿ ಯಂತ್ರವೇ ಗುರುತಿಸಿದ ಛಾವಣಿಗಳ ಹೊರಗೆರೆ ಅವು. ಗೂಗಲ್‌ನದರಲ್ಲಿ ಪ್ರತಿ ಕಟ್ಟಡಕ್ಕೂ ಚದರ ಮೀಟರ್ ವಿಸ್ತೀರ್ಣ ಮತ್ತು 0.65ರಿಂದ 1ರ ತನಕ ಒಂದು ವಿಶ್ವಾಸಾಂಕ ಇರುತ್ತದೆ. ವಿಶ್ವಾಸಾಂಕ ಎಂದರೆ ಇದು ಕಟ್ಟಡವೇ ಹೌದು ಎಂದು ಯಂತ್ರಕ್ಕೆ ಎಷ್ಟು ಖಾತ್ರಿ ಇದೆ ಎಂಬುದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಜನರೇ ಕೈಯಿಂದ ಗುರುತಿಸಿದ ಕಟ್ಟಡಗಳಿವೆ. ಪೇಟೆಗಳಿಗೆ ಅದು ಉಪಯೋಗ, ತೋಟಗಳ ಒಳಗೆ ಅದನ್ನೇ ನೆಚ್ಚಿಕೊಳ್ಳಬೇಡಿ.

ಕೊಡಗಿನಲ್ಲಿ ಯಂತ್ರ ಎಡವುವುದು ಎರಡು ಕಡೆ. ಒಂದು, ಮರದ ಕೆಳಗಿನ ಮನೆ ಅದಕ್ಕೆ ಕಾಣುವುದಿಲ್ಲ. ಕಾಫಿ ತೋಟದ ನೆರಳಿಗೆ ಬಿಟ್ಟ ಕಾಡುಮರ, ಸಿಲ್ವರ್ ಓಕ್, ಹಾಲುವಾಣಗಳ ಹಂದರದಡಿ ಹಳೆಯ ಹಂಚಿನ ಮನೆ ಅರ್ಧ ಮುಚ್ಚಿರುತ್ತದೆ. ಅರ್ಧ ಕಂಡ ಮನೆಯನ್ನು ಯಂತ್ರ ಬಿಟ್ಟುಬಿಡುತ್ತದೆ, ಇಲ್ಲವೇ ಸಣ್ಣದಾಗಿ ಗುರುತಿಸುತ್ತದೆ. ಎರಡು, ಮನೆಯಲ್ಲದ್ದು ಮನೆಯಾಗಿ ಕಾಣುತ್ತದೆ. ಕಾಫಿ ಒಣಗಿಸುವ ಸಿಮೆಂಟ್ ಕಣ, ಅದರ ಮೇಲೆ ಹೊದಿಸಿದ ಟಾರ್ಪಾಲು, ಪಾಲಿಹೌಸು, ಬಂಡೆಯ ಹಾಸು ಎಲ್ಲವೂ ಮೇಲಿನಿಂದ ಚೌಕವಾಗಿ, ಬೆಳ್ಳಗೆ ಕಾಣುತ್ತವೆ.

ಹಾಗಾಗಿ ವಿಶ್ವಾಸಾಂಕದ ಗೆರೆಯನ್ನು ಇಡೀ ಜಿಲ್ಲೆಗೆ ಒಂದೇ ಕಡೆ ಎಳೆಯಬೇಡಿ. ಪೇಟೆ ಮತ್ತು ಬಯಲು ಜಾಗದಲ್ಲಿ 0.75ರ ಕೆಳಗಿನದನ್ನು ತೆಗೆದರೆ ಹೆಚ್ಚು ನಷ್ಟವಿಲ್ಲ. ದಟ್ಟ ನೆರಳಿನ ತೋಟಗಳಲ್ಲಿ 0.65ರ ತನಕ ಎಲ್ಲವನ್ನೂ ಇಟ್ಟುಕೊಂಡು, ಸುಳ್ಳು ಕಟ್ಟಡಗಳನ್ನು ಕಣ್ಣಿನಿಂದ ನೋಡಿ ಅಳಿಸಿ. ಒಂದು ಪಂಚಾಯಿತಿಗೆ ಈ ಕೆಲಸ ಕಷ್ಟವೇನಲ್ಲ. ಕಣವನ್ನು ಗುರುತಿಸುವುದು ಹೀಗೆ: ಅದಕ್ಕೆ ನೆರಳು ಬೀಳುವುದಿಲ್ಲ, ಛಾವಣಿಯ ನಡುವಿನ ಕೂಡುಗೆರೆ ಇರುವುದಿಲ್ಲ, ಪಕ್ಕದಲ್ಲಿ ಗೋದಾಮೋ ಮನೆಯೋ ಅಂಟಿಕೊಂಡಿರುತ್ತದೆ.

ಚಿತ್ರ ಆರಿಸುವಾಗ ತಿಂಗಳು ನೋಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ ಬಿಟ್ಟು ಬೇರೇನೂ ಸಿಗುವುದಿಲ್ಲ. ಕಾಫಿ ಕುಯಿಲು ಮುಗಿದು, ಮರಗಸಿಯೂ (ನೆರಳು ಮರದ ಕೊಂಬೆ ಸವರುವುದು) ಆಗಿ, ಮಳೆ ಹಿಡಿಯುವ ಮೊದಲಿನ ವಾರಗಳಲ್ಲಿ ಹಂದರ ತೆಳುವಾಗಿ ಛಾವಣಿಗಳು ಚೆನ್ನಾಗಿ ಕಾಣುತ್ತವೆ. ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರದಲ್ಲಿ ಒಂಟಿ ಮನೆ ಕಾಣುವುದಿಲ್ಲ. ಅದನ್ನು ಹೊಸ ಬಡಾವಣೆ, ಹೊಸ ಕುಸಿತದ ಗುರುತು ನೋಡುವುದಕ್ಕೆ ಮಾತ್ರ ಬಳಸಿ.

ಗಡಿಯ ಹತ್ತಿರ ಎಚ್ಚರ. ಕುಶಾಲನಗರದ ಸುತ್ತ ಚೌಕವಾಗಿ ಕತ್ತರಿಸಿಕೊಂಡರೆ ಕಾವೇರಿಯ ಆಚೆ ದಡದ ಕೊಪ್ಪ ಮತ್ತು ಬೈಲಕುಪ್ಪೆಯ ಕಟ್ಟಡಗಳೂ ಬಂದುಬಿಡುತ್ತವೆ. ಅವು ಮೈಸೂರು ಜಿಲ್ಲೆಗೆ ಸೇರಿದವು. ಜಿಲ್ಲೆಯ ಗಡಿಯಿಂದಲೇ ಕತ್ತರಿಸಿ.

ಇನ್ನೊಂದು ಮಾತು 2018ರ ಆಗಸ್ಟಿನ ಕುಸಿತಕ್ಕೆ ಸಿಕ್ಕಿದ ಊರುಗಳಿಗೆ ಸಂಬಂಧಿಸಿದ್ದು. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಜನ ಬಿಟ್ಟುಹೋದ ಮನೆಗಳ ಛಾವಣಿ ಕಟ್ಟಡ ಪದರದಲ್ಲಿ ಉಳಿದಿರಬಹುದು. ಪುನರ್ವಸತಿ ಮನೆಗಳು ಜಂಬೂರು, ಮದೆನಾಡು, ಕರ್ಣಂಗೇರಿ ಮುಂತಾದೆಡೆ ಎದ್ದಿವೆ. ಕಟ್ಟಡ ಪದರಕ್ಕೆ ಬಳಸಿದ ಚಿತ್ರ ಹಳೆಯದಾಗಿದ್ದರೆ ಅವು ಅದರಲ್ಲಿ ಇರುವುದಿಲ್ಲ. ಗೂಗಲ್‌ನ ಕಾಲಾನುಕ್ರಮದ ಕಟ್ಟಡ ನಕ್ಷೆ 2016ರಿಂದ 2023ರ ತನಕ ವರ್ಷಕ್ಕೊಂದರಂತೆ ಇದೆ. ಎರಡು ವರ್ಷಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಹೋದದ್ದನ್ನು ತೆಗೆದು ಬಂದದ್ದನ್ನು ಸೇರಿಸಿ.

4. ಕಟ್ಟಡವನ್ನು ಊರಿಗೆ ಸೇರಿಸುವುದು

ಮೊದಲು ಕೆಟ್ಟ ಆಕಾರಗಳನ್ನು ಸರಿಪಡಿಸುವ ಫಿಕ್ಸ್ ಜಿಯಾಮೆಟ್ರೀಸ್ ಓಡಿಸಿ. ಆಮೇಲೆ ಪ್ರತಿ ಕಟ್ಟಡದ ಒಳಗೆ ಒಂದು ಚುಕ್ಕೆ ಮಾಡಿ. ಪಾಯಿಂಟ್ ಆನ್ ಸರ್ಫೇಸ್ ಉಪಕರಣ ಇದಕ್ಕೆ ಸರಿ. ಆ ಚುಕ್ಕೆ ಯಾವ ಊರಿನ ಒಳಗಿದೆ ಎಂದು ಜಾಯಿನ್ ಆಟ್ರಿಬ್ಯೂಟ್ಸ್ ಬೈ ಲೊಕೇಶನ್‌ನಿಂದ ತೆಗೆಯಿರಿ. ಕಟ್ಟಡದ ಇಡೀ ಆಕಾರವನ್ನೇ ನೇರವಾಗಿ ಕೂಡಿಸಿದರೆ ಎರಡು ಊರಿನ ಗಡಿಯ ಮೇಲಿರುವ ಮನೆ ಎರಡೂ ಊರಿನಲ್ಲಿ ಸೇರುತ್ತದೆ. ಕ್ಯೂಜಿಐಎಸ್‌ನಲ್ಲಿ ಮೊದಲೇ ಆರಿಸಿಟ್ಟಿರುವ ಆಯ್ಕೆ ಒಂದಕ್ಕೆ ಹಲವು ಸಾಲು ಮಾಡುವಂಥದ್ದು. ಕೂಡಿಸುವ ಮುಂಚೆ ಮತ್ತು ನಂತರ ಸಾಲುಗಳ ಸಂಖ್ಯೆ ಒಂದೇ ಇದೆಯೇ ನೋಡಿ.

5. ತೂಕ ಕೊಡುವುದು

ಇಡೀ ಕೆಲಸದ ಜೀವಾಳ ಈ ಹಂತ. ಛಾವಣಿ ದೊಡ್ಡದಾದಷ್ಟೂ ಜನ ಹೆಚ್ಚು ಎಂಬ ಲೆಕ್ಕ ಕೊಡಗಿನಲ್ಲಿ ಅನೇಕ ಕಡೆ ತಲೆಕೆಳಗು. ದೊಡ್ಡ ಬಂಗಲೆಯಲ್ಲಿ ಇಬ್ಬರು ಹಿರಿಯರು ಇರುತ್ತಾರೆ. ಅದರ ಅರ್ಧಕ್ಕಿಂತ ಸಣ್ಣ ಲೈನಿನಲ್ಲಿ ಎಂಟು ಕುಟುಂಬ ಇರುತ್ತದೆ. ಐನ್‌ಮನೆ (ಕೊಡವರ ಮೂಲಮನೆ) ವಿಶಾಲವಾಗಿರುತ್ತದೆ, ಆದರೆ ಕೆಲವದರಲ್ಲಿ ಒಕ್ಕದವರು, ಅಂದರೆ ಮನೆತನದವರು, ಹಬ್ಬಕ್ಕೋ ವಿಶೇಷಕ್ಕೋ ಸೇರುತ್ತಾರೆಯೇ ಹೊರತು ದಿನವೂ ಒಲೆ ಉರಿಯುವುದಿಲ್ಲ. ಆದ್ದರಿಂದ ಕಟ್ಟಡಗಳಿಗೆ ಬಗೆ ಗುರುತಿಸಿ, ಬಗೆಗೊಂದು ತೂಕ ಕೊಡಬೇಕು. ಸೂತ್ರ ಇದು:

ಕಟ್ಟಡದ ಜನ = ಊರಿನ ಜನ × (ಕಟ್ಟಡದ ವಿಸ್ತೀರ್ಣ × ತೂಕ) ÷ ಊರಿನ ಎಲ್ಲ ಕಟ್ಟಡಗಳ (ವಿಸ್ತೀರ್ಣ × ತೂಕ) ಮೊತ್ತ

ಲೆಕ್ಕ ತಿಳಿಯಲು 1,240 ಜನರ ಒಂದು ಊರನ್ನು ಊಹಿಸಿಕೊಳ್ಳಿ. ಅಲ್ಲಿ ತಲಾ 90 ಚದರ ಮೀಟರಿನ 210 ಮನೆ, ತಲಾ 160 ಚದರ ಮೀಟರಿನ 24 ಲೈನ್, ತಲಾ 200 ಚದರ ಮೀಟರಿನ 12 ಹೋಂಸ್ಟೇ, ತಲಾ 300 ಚದರ ಮೀಟರಿನ 15 ಗೋದಾಮು ಇವೆ.

ತೂಕವಿಲ್ಲದೆ ಹಂಚಿದರೆ: ಒಟ್ಟು ಛಾವಣಿ 29,640 ಚದರ ಮೀಟರ್. ಒಂದು ಮನೆಗೆ 3.8 ಜನ, ಒಂದು ಲೈನಿಗೆ 6.7 ಜನ, ಒಂದು ಗೋದಾಮಿಗೆ 12.6 ಜನ. ಹದಿನೈದು ಗೋದಾಮುಗಳಲ್ಲಿ 188 ಜನ ಮಲಗಿದಂತಾಯಿತು. ಇಪ್ಪತ್ನಾಲ್ಕು ಲೈನ್‌ಗಳಿಗೆ ಸಿಕ್ಕಿದ್ದು ಒಟ್ಟು 161.

ತೂಕ ಕೊಟ್ಟು ಹಂಚಿದರೆ: ಮನೆಗೆ 1, ಲೈನಿಗೆ 3, ಹೋಂಸ್ಟೇಗೆ 0.1, ಗೋದಾಮಿಗೆ 0. ತೂಕದ ಮೊತ್ತ 18,900 + 11,520 + 240 = 30,660. ಒಂದು ಮನೆಗೆ 3.6 ಜನ, ಒಂದು ಲೈನಿಗೆ 19.4, ಒಂದು ಹೋಂಸ್ಟೇಗೆ 0.8, ಗೋದಾಮಿಗೆ ಯಾರೂ ಇಲ್ಲ. ಲೈನ್‌ಗಳ ಒಟ್ಟು 466.

ಎರಡು ಲೆಕ್ಕಕ್ಕೂ ಲೈನ್‌ಗಳಲ್ಲೇ 305 ಜನರ ವ್ಯತ್ಯಾಸ. ಆ ಲೈನ್‌ಗಳು ಇಳಿಜಾರಿನಲ್ಲಿದ್ದರೆ, ಅಪಾಯದ ಪಟ್ಟಿಯಿಂದ ಅಷ್ಟು ಜನ ಬಿಟ್ಟುಹೋಗುತ್ತಾರೆ. ಹೆಸರಿಲ್ಲದೆ, ರೇಷನ್ ಕಾರ್ಡ್ ಈ ಊರಿನದಲ್ಲದೆ ಬದುಕುವ ಕೆಲಸಗಾರರು ಮೊದಲೇ ಪಟ್ಟಿಗಳಲ್ಲಿ ಕಾಣುವುದು ಕಡಿಮೆ. ನಕ್ಷೆಯಲ್ಲೂ ಕಾಣದೆ ಹೋಗಬಾರದು ಎಂಬುದಕ್ಕೇ ಈ ಹಂತಕ್ಕೆ ಇಷ್ಟು ಜಾಗ.

ಮೇಲಿನ ತೂಕಗಳನ್ನು ನಿಮ್ಮ ಊರಿಗೆ ಹಾಗೆಯೇ ಎತ್ತಿಕೊಳ್ಳಬೇಡಿ. ಎಣಿಸಿ ತೆಗೆಯಿರಿ. ನಕ್ಷೆಯ ಮೇಲೆ 200 ಮೀಟರ್ ಚೌಕಗಳನ್ನು ಎಳೆದು, ಪೇಟೆ, ಗದ್ದೆ ಬದಿಯ ಊರು, ದೊಡ್ಡ ತೋಟ, ಹಾಡಿ, ಕಾಡಂಚು ಹೀಗೆ ಐದು ಬಗೆ ಮಾಡಿ, ಪ್ರತಿ ಬಗೆಯಿಂದಲೂ ಆರೇಳು ಚೌಕಗಳನ್ನು ಕ್ಯೂಜಿಐಎಸ್‌ನ ರ‍್ಯಾಂಡಮ್ ಆಯ್ಕೆಯಿಂದ ತೆಗೆಯಿರಿ. ರಸ್ತೆ ಬದಿಯ ಚೌಕಗಳನ್ನು ನೀವೇ ಆರಿಸಿದರೆ ಅಂಗಡಿ, ಹೋಂಸ್ಟೇಗಳೇ ಹೆಚ್ಚು ಸಿಕ್ಕಿ ತೂಕ ವಾಲುತ್ತದೆ. ಪ್ರತಿ ಕಟ್ಟಡದಲ್ಲಿ ಮೂರೇ ಪ್ರಶ್ನೆ: ಇದು ಏನು, ಎಷ್ಟು ಕೋಣೆ, ನಿನ್ನೆ ರಾತ್ರಿ ಎಷ್ಟು ಜನ ಮಲಗಿದ್ದರು. ಹೆಸರು ಕೇಳಬೇಡಿ. ತೋಟದೊಳಗೆ ಹೋಗುವ ಮೊದಲು ಮಾಲೀಕರಿಗೆ ಅಥವಾ ರೈಟರ್‌ಗೆ ತಿಳಿಸಿ. ಪ್ರತಿ ಬಗೆಯ ಕಟ್ಟಡದ ಒಟ್ಟು ಜನರನ್ನು ಒಟ್ಟು ಛಾವಣಿಯಿಂದ ಭಾಗಿಸಿ, ಮನೆಯ ದರವನ್ನು 1 ಎಂದು ಇಟ್ಟುಕೊಂಡರೆ ಉಳಿದ ತೂಕಗಳು ತಾವಾಗಿ ಬರುತ್ತವೆ.

ಗಮನಿಸಬೇಕಾದ ಇನ್ನೂ ಕೆಲವು ಸಂಗತಿಗಳಿವೆ.

ಮಳೆನಾಡಿನಲ್ಲಿ ಛಾವಣಿಯ ಚಾಚು ದೊಡ್ಡದು. ಮೇಲಿನಿಂದ ಅಳೆದ ವಿಸ್ತೀರ್ಣ ನೆಲದ ವಿಸ್ತೀರ್ಣಕ್ಕಿಂತ ಹೆಚ್ಚಿರುತ್ತದೆ. ಎಲ್ಲ ಮನೆಗೂ ಹಾಗೆಯೇ ಇರುವುದರಿಂದ ಹಂಚಿಕೆಗೆ ತೊಂದರೆಯಿಲ್ಲ, ಆದರೆ ತಲಾ ಎಷ್ಟು ಚದರ ಮೀಟರ್ ಎಂದು ಬೇರೆ ಊರಿನ ಜೊತೆ ಹೋಲಿಸಲು ಹೋಗಬೇಡಿ.

ವಾಸದ ಮನೆಯ ವಿಸ್ತೀರ್ಣಕ್ಕೆ ಒಂದು ಮಿತಿ ಹಾಕಿ. ಮಿತಿ ಇಲ್ಲದಿದ್ದರೆ ಮೇಲಿನ ಊರಿನಲ್ಲಿ 400 ಚದರ ಮೀಟರಿನ ಬಂಗಲೆಗೆ 16 ಜನ ಬರುತ್ತಾರೆ. 150 ಚದರ ಮೀಟರಿಗೆ ನಿಲ್ಲಿಸಿದರೆ 6 ಆಗುತ್ತದೆ. ಅದೂ ಹೆಚ್ಚೇ, ಆದರೆ ಊರಿನ ಲೆಕ್ಕ ಕೆಡಿಸುವಷ್ಟಲ್ಲ.

ಹಾಡಿಗಳಲ್ಲಿ ವಿಸ್ತೀರ್ಣದ ಲೆಕ್ಕವನ್ನೇ ಬಿಡಿ. ಜೇನುಕುರುಬರ, ಯರವರ ಹಾಡಿಗಳ ಮನೆಗಳು ಸಣ್ಣವು. ಇಷ್ಟು ಸಣ್ಣ ಛಾವಣಿಯ ಅಳತೆಯಲ್ಲಿ ಯಂತ್ರದ ತಪ್ಪು ಹೆಚ್ಚು. ಅಲ್ಲಿ ಮನೆಗಳನ್ನು ಎಣಿಸಿ, ಮನೆಗೊಂದು ಸಮಾನ ಪಾಲು ಕೊಡಿ. ಅಂಗನವಾಡಿಯ ಪುಸ್ತಕ ಇಲ್ಲಿ ಉಪಗ್ರಹಕ್ಕಿಂತ ನಂಬಿಕಸ್ಥ.

ಮಡಿಕೇರಿಯಂಥ ಪೇಟೆಯಲ್ಲಿ ಮಹಡಿ ಸೇರಿಸಬೇಕು. ಕಾಲಾನುಕ್ರಮದ ಗೂಗಲ್ ನಕ್ಷೆಯಲ್ಲಿ ಕಟ್ಟಡದ ಎತ್ತರವೂ ಇದೆ. ಎತ್ತರವನ್ನು 3 ಮೀಟರಿನಿಂದ ಭಾಗಿಸಿ ಮಹಡಿ ಎಂದಿಟ್ಟುಕೊಳ್ಳಬಹುದು. ಆದರೆ ಇಳಿಜಾರಿನ ಮನೆಗೆ ಒಂದು ಬದಿಯಲ್ಲಿ ಒಂದೇ ಮಹಡಿ, ಕೆಳಬದಿಯಲ್ಲಿ ಮೂರು ಇರುವುದುಂಟು. ಕೆಲವು ಕಟ್ಟಡಗಳನ್ನಾದರೂ ಹೋಗಿ ನೋಡಿ ಸರಿಪಡಿಸಿ.

6. ಹಂಚುವುದು

ಫೀಲ್ಡ್ ಕ್ಯಾಲ್ಕ್ಯುಲೇಟರ್‌ನಲ್ಲಿ ವಿಸ್ತೀರ್ಣ × ತೂಕದ ಒಂದು ಕಾಲಂ ಮಾಡಿ. ಸಮ್ ಫಂಕ್ಷನ್‌ಗೆ ಊರಿನ ಸಂಕೇತದ ಗ್ರೂಪ್-ಬೈ ಕೊಟ್ಟು ಊರುವಾರು ಮೊತ್ತ ತೆಗೆದು, ಮೇಲಿನ ಸೂತ್ರ ಹಾಕಿ. ಕಾಲಂ ಮಾಡುವಾಗ ದಶಮಾಂಶದ ಬಗೆ ಆರಿಸಿ. ಪೂರ್ಣಾಂಕ ಆರಿಸಿದರೆ 3.6 ಎನ್ನುವುದು 4 ಆಗಿ, ಸಾವಿರಾರು ಮನೆ ಸೇರುವಾಗ ಮೊತ್ತ ಹಿಗ್ಗುತ್ತದೆ.

ಆದ ಮೇಲೆ ಮತ್ತೆ ಮೊತ್ತ ನೋಡಿ. ಕಡಿಮೆ ಬಂದರೆ ಕಾರಣ ಸಾಮಾನ್ಯವಾಗಿ ಒಂದೇ: ಜನಗಣತಿಯಲ್ಲಿ ಜನ ಇದ್ದರೂ ಒಂದೂ ಕಟ್ಟಡ ಸಿಗದ ಊರು. ಕಾಡಂಚಿನ ಊರುಗಳಲ್ಲಿ ಇದು ಆಗುತ್ತದೆ. ಅಲ್ಲಿ ಉಪಗ್ರಹ ಚಿತ್ರ ನೋಡಿ ಕೈಯಿಂದ ಮನೆ ಗುರುತಿಸಿ. ದೊಡ್ಡ ತೋಟ ಎರಡು ಮೂರು ಊರುಗಳಿಗೆ ಚಾಚಿಕೊಂಡಿದ್ದಾಗ ಇನ್ನೊಂದು ತೊಡಕು ಬರಬಹುದು: ಲೈನ್ ಒಂದು ಊರಿನ ಗಡಿಯೊಳಗೆ ನಿಂತಿರುತ್ತದೆ, ಜನಗಣತಿಯ ಎಣಿಕೆ ತೋಟದ ಕಚೇರಿ ಇರುವ ಪಕ್ಕದ ಊರಿನ ಲೆಕ್ಕಕ್ಕೆ ಸೇರಿರುತ್ತದೆ. ಒಂದು ಊರಿನಲ್ಲಿ ಮನೆಗೆ ಒಬ್ಬರೂ ಬೀಳದೆ, ಪಕ್ಕದ ಊರಿನಲ್ಲಿ ಮನೆಗೆ ಹನ್ನೆರಡು ಜನ ಬಿದ್ದರೆ ಇದೇ ಎಂದು ಶಂಕಿಸಿ, ಎರಡನ್ನೂ ಸೇರಿಸಿ ಒಂದೇ ಘಟಕವಾಗಿ ಹಂಚಿ.

7. ಪರೀಕ್ಷಿಸುವುದು

ನಿಮ್ಮ ನಕ್ಷೆಯನ್ನು ವರ್ಲ್ಡ್‌ಪಾಪ್ ಜೊತೆ ಹೋಲಿಸಿ ಹೊಂದಿತು ಎಂದರೆ ಅದು ಪರೀಕ್ಷೆಯಲ್ಲ. ಎರಡಕ್ಕೂ ಮೂಲ ಜನಗಣತಿಯ ಎಣಿಕೆಯೇ. ದೊಡ್ಡ ಪ್ರದೇಶದ ಮೊತ್ತ ಹತ್ತಿರ ಬರುವುದು ಸಹಜ.

ಸರಿಯಾದ ಪರೀಕ್ಷೆ ಹೀಗೆ. ಊರಿನ ಸಂಖ್ಯೆಗಳನ್ನು ಬದಿಗಿಟ್ಟು, ತಾಲ್ಲೂಕಿನ ಗ್ರಾಮೀಣ ಮೊತ್ತವನ್ನು ಮಾತ್ರ ತೆಗೆದುಕೊಂಡು, ಇದೇ ತೂಕಗಳಿಂದ ತಾಲ್ಲೂಕಿನ ಎಲ್ಲ ಕಟ್ಟಡಗಳಿಗೂ ಹಂಚಿ. ಆಮೇಲೆ ಊರುವಾರು ಕೂಡಿಸಿ, ಬದಿಗಿಟ್ಟ ನಿಜವಾದ ಸಂಖ್ಯೆಯ ಪಕ್ಕ ಇಡಿ. ಪ್ರತಿ ಊರಿಗೂ ಶೇಕಡಾವಾರು ವ್ಯತ್ಯಾಸ ತೆಗೆದು, ಪ್ಲಸ್-ಮೈನಸ್ ಬಿಟ್ಟು, ಏರಿಕೆ ಕ್ರಮದಲ್ಲಿ ಜೋಡಿಸಿ ನಡುವಿನ ಸಂಖ್ಯೆ ನೋಡಿ. ಸರಾಸರಿ ಬೇಡ, ಸಣ್ಣ ಊರೊಂದರ ದೊಡ್ಡ ತಪ್ಪು ಅದನ್ನು ಎಳೆದೊಯ್ಯುತ್ತದೆ.

ವ್ಯತ್ಯಾಸವನ್ನು ಬಣ್ಣ ಹಾಕಿ ನಕ್ಷೆಯ ಮೇಲೆ ನೋಡುವುದು ಇನ್ನೂ ಮುಖ್ಯ. ಸಿದ್ದಾಪುರ, ಪಾಲಿಬೆಟ್ಟ, ಸುಂಟಿಕೊಪ್ಪದ ಸುತ್ತಿನ ದೊಡ್ಡ ತೋಟಗಳಲ್ಲಿ ನಿಮ್ಮ ಲೆಕ್ಕ ಸಾಲುಸಾಲಾಗಿ ಕಡಿಮೆ ಬಂದರೆ ಲೈನಿನ ತೂಕ ಸಾಲದು. ಮಡಿಕೇರಿ ಸುತ್ತ ಹೆಚ್ಚು ಬಂದರೆ ಹೋಂಸ್ಟೇ, ರೆಸಾರ್ಟುಗಳು ಮನೆಯಾಗಿ ಸೇರಿಕೊಂಡಿವೆ. 2011ರ ಸಂಖ್ಯೆಯನ್ನು ಈಚಿನ ಕಟ್ಟಡಗಳ ಮೇಲೆ ಹಂಚುತ್ತಿರುವುದರಿಂದ ಆಮೇಲೆ ಕಟ್ಟಿದ್ದು ಕೂಡ ಹೀಗೆಯೇ ಕಾಣುತ್ತದೆ. ತಪ್ಪು ಎಲ್ಲಿಯೂ ಗುಂಪುಗೂಡದೆ ಚದುರಿದ್ದರೆ ತೂಕಗಳು ಪರವಾಗಿಲ್ಲ ಎಂದರ್ಥ. ತೂಕ ತಿದ್ದಬೇಕಾದರೆ ಅರ್ಧ ಊರುಗಳನ್ನು ನೋಡಿ ತಿದ್ದಿ, ಉಳಿದರ್ಧದ ಮೇಲೆ ಪರೀಕ್ಷಿಸಿ.

8. ಈಗಿನ ಸಂಖ್ಯೆಗೆ ತರುವುದು

2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೆ ಹೋಗಿ, ಹೊಸದರ ಆಧಾರ ದಿನಾಂಕ 2027ರ ಮಾರ್ಚ್ 1 ಎಂದು ನಿಗದಿಯಾಗಿದೆ. ಅದರ ಊರುವಾರು ಪಟ್ಟಿ ಕೈಗೆ ಬರುವ ತನಕ 2011ರದೇ ಬುನಾದಿ. ಇದಕ್ಕೆ ರಾಜ್ಯದ ಬೆಳವಣಿಗೆಯ ದರ ಹಾಕಬೇಡಿ. 2001ರಿಂದ 2011ರ ಹತ್ತು ವರ್ಷದಲ್ಲಿ ಕರ್ನಾಟಕದ ಜನಸಂಖ್ಯೆ ಶೇ. 15.6 ಏರಿತು, ಕೊಡಗಿನದು 5,48,561ರಿಂದ 5,54,519ಕ್ಕೆ, ಅಂದರೆ ಶೇ. 1.09 ಮಾತ್ರ. ಮುಂದಿನ ಹತ್ತು ವರ್ಷಕ್ಕೆ ರಾಜ್ಯದ ದರ ಹಾಕಿದರೆ ಜಿಲ್ಲೆಗೆ 6.41 ಲಕ್ಷ ಬರುತ್ತದೆ, ಜಿಲ್ಲೆಯದೇ ದರ ಹಾಕಿದರೆ 5.61 ಲಕ್ಷ. ನಡುವೆ 80 ಸಾವಿರ ಜನರ ಅಂತರ.

2011ರ ಎಣಿಕೆ ಫೆಬ್ರವರಿ 9ರಿಂದ 28ರ ತನಕ ನಡೆಯಿತು. ಅದು ರೊಬಸ್ಟಾ ಕಾಫಿಯ ಕುಯಿಲಿನ ಕಾಲ; ಆಗ ಲೈನ್‌ಗಳಲ್ಲಿದ್ದ ಹೊರಗಿನ ಕೆಲಸಗಾರರೂ ಎಣಿಕೆಗೆ ಸೇರಿರುವ ಸಂಭವ ಹೆಚ್ಚು. ನಿಮ್ಮ ನಕ್ಷೆ ಆಗಸ್ಟಿನ ಮಳೆಗೆಂದು ಇದ್ದರೆ ಲೈನ್‌ಗಳ ಸಂಖ್ಯೆಯನ್ನು ಆ ತಿಂಗಳಲ್ಲಿ ತೋಟದಲ್ಲಿ ಉಳಿದಿರುವವರಿಗೆ ಸರಿಹೊಂದಿಸಿ. ಹೋಂಸ್ಟೇಗಳಿಗೆ ಇದೇ ಮಾತು ಬೇರೆ ರೀತಿಯಲ್ಲಿ ಅನ್ವಯಿಸುತ್ತದೆ: ವಾರಾಂತ್ಯದ ಅತಿಥಿಗಳು ಜನಗಣತಿಯ ಊರಿನ ಲೆಕ್ಕದಲ್ಲಿಲ್ಲ. ಅವರಿಗೆ ಬೇರೆಯೇ ಒಂದು ಪದರ ಮಾಡಿ. ನಿವಾಸಿಗಳ ಜೊತೆ ಕಲಸಬೇಡಿ.

9. ಪ್ರಶ್ನೆಗೆ ಉತ್ತರ ತೆಗೆಯುವುದು

ಕಟ್ಟಡದ ಚುಕ್ಕೆಗಳನ್ನು 100 ಮೀಟರ್ ಚೌಕಗಳಿಗೆ ಕೂಡಿಸಿ. ಒಂದು ಚೌಕ ಒಂದು ಹೆಕ್ಟೇರ್; ಇಡೀ ಜಿಲ್ಲೆಗೆ ನಾಲ್ಕು ಲಕ್ಷದ ಮೇಲೆ ಚೌಕಗಳಾಗುತ್ತವೆ, ಸಾಮಾನ್ಯ ಲ್ಯಾಪ್‌ಟಾಪ್ ತಡೆದುಕೊಳ್ಳುತ್ತದೆ.

ಗುಡ್ಡ ಕುಸಿತದ ಲೆಕ್ಕಕ್ಕೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕುಸಿತ ಸಾಧ್ಯತೆಯ ನಕ್ಷೆ ಭೂಕೋಶ್ ಪೋರ್ಟಲ್‌ನಲ್ಲಿದೆ. ಅದರ ಮೇಲೆ ಚೌಕಗಳನ್ನಿಟ್ಟು ಕುಸಿತದ ಸಾಧ್ಯತೆ ಹೆಚ್ಚಿರುವ ಜಾಗದ ಜನರನ್ನು ಕೂಡಿಸಿಬಿಟ್ಟರೆ ಅರ್ಧ ಕೆಲಸ ಮಾತ್ರ. ಗುಡ್ಡ ಜಾರುವ ಜಾಗ ಬೇರೆ, ಮಣ್ಣು ನೀರಿನ ಜೊತೆ ಹರಿದು ಬಂದು ಬೀಳುವ ಜಾಗ ಬೇರೆ. ಇಳಿಜಾರಿನ ಕೆಳಗಿನ ತೋಡು, ಹೊಳೆಯ ಬದಿಯ ಚೌಕಗಳನ್ನೂ ಸೇರಿಸಿ. ಇಳಿಜಾರು ತೆಗೆಯಲು ಬಳಸುವ ಎಸ್‌ಆರ್‌ಟಿಎಂ, ಕೋಪರ್ನಿಕಸ್ 30 ಮೀಟರ್ ಎತ್ತರದ ನಕ್ಷೆಗಳು ದಟ್ಟ ಮರವಿರುವಲ್ಲಿ ಹಂದರದ ಎತ್ತರವನ್ನೂ ಸೇರಿಸಿಕೊಂಡಿರುತ್ತವೆ. ಕಾಡು ಮುಗಿದು ಗದ್ದೆ ಶುರುವಾಗುವ ಅಂಚಿನಲ್ಲಿ ಇಲ್ಲದ ಕಡಿದಾದ ಇಳಿಜಾರು ಕಂಡರೆ ಅದು ಮರದ ತಲೆ, ನೆಲವಲ್ಲ.

ಆಸ್ಪತ್ರೆಯ ದೂರಕ್ಕೆ ವೃತ್ತ ಎಳೆಯಬೇಡಿ, ರಸ್ತೆಯ ದೂರ ತೆಗೆಯಿರಿ. ಹೊಳೆಯ ಆಚೆ ಕಾಣುವ ಮನೆಗೆ ಸೇತುವೆ ಸುತ್ತಿ ಹೋಗಬೇಕಾಗುತ್ತದೆ.

10. ಹೊರಗೆ ಕೊಡುವ ಮುನ್ನ

ಕಟ್ಟಡದ ಮಟ್ಟದ ಸಂಖ್ಯೆಯನ್ನು ಯಾರಿಗೂ ಕೊಡಬೇಡಿ. ಒಂದು ಮನೆಗೆ 3.6 ಜನ ಎಂಬುದು ಹಂಚಿಕೆಯ ಫಲ, ಆ ಮನೆಯ ಬಗ್ಗೆ ಸತ್ಯವಲ್ಲ; ಒಂಟಿ ಮನೆಗಳ, ಹಾಡಿಗಳ ವಿಷಯದಲ್ಲಿ ಅಲ್ಲಿರುವವರ ಕ್ಷೇಮದ ಪ್ರಶ್ನೆಯೂ ಹೌದು. ಚೌಕದ ಸಂಖ್ಯೆಗಳನ್ನು ಹತ್ತರ ಹತ್ತಿರಕ್ಕೆ ಸರಿಹೊಂದಿಸಿ. ಹತ್ತಕ್ಕಿಂತ ಕಡಿಮೆ ಇದ್ದಲ್ಲಿ ಅಕ್ಕಪಕ್ಕದ ಚೌಕಗಳನ್ನು ಒಟ್ಟುಗೂಡಿಸಿ.

ಗೂಗಲ್, ಮೈಕ್ರೋಸಾಫ್ಟ್, ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಗಳ ಪರವಾನಗಿ ಮೂಲದ ಹೆಸರು ಹಾಕಲು ಹೇಳುತ್ತದೆ. ನಕ್ಷೆಯ ಮೂಲೆಯಲ್ಲಿ ಹಾಕಿ. ಅದರ ಕೆಳಗೆ ಐದು ಸಂಗತಿ ಬರೆಯಿರಿ: ಯಾವ ವರ್ಷದ ಜನಗಣತಿ, ಕಟ್ಟಡ ಪದರದ ಆವೃತ್ತಿ, ಪ್ರತಿ ಬಗೆಗೆ ಕೊಟ್ಟ ತೂಕ, ಏಳನೇ ಹಂತದಲ್ಲಿ ಬಂದ ನಡುವಿನ ತಪ್ಪಿನ ಶೇಕಡಾ, ಯಾವ ತಿಂಗಳ ಜನಸಂಖ್ಯೆ ಎಂಬುದು. ತೂಕಗಳ ಪಟ್ಟಿಯನ್ನು ಬೇರೆ ಕಡತವಾಗಿಯೂ ಉಳಿಸಿ, ಏಕೆಂದರೆ 2027ರ ಸಂಖ್ಯೆಗಳು ಬಂದಾಗ ಒಂದು ಮತ್ತು ಏಳನೇ ಹಂತಗಳನ್ನು ಮಾಡಿ ಹಂಚಿಕೆಯನ್ನು ಮತ್ತೆ ಓಡಿಸಿದರೆ ಸಾಕಾಗುತ್ತದೆ.